ರಾಮಾನುಜಯ್ಯನವರೂ ಕಾರ್ಡಿನ ಬೀಗವೂ

ಬಸವನಗುಡಿಯ ವೇಣುಗೋಪಾಲ್ ಅವರ ಲಾಡ್ಜಿನಲ್ಲಿ ರಾಮಾನುಜಯ್ಯನವರು ಇಪ್ಪತ್ತೇಳು ವರ್ಷ ಬೀಗದ ಕೈಗಳ ಉಸ್ತುವಾರಿ ನೋಡಿಕೊಂಡವರು. ಹೋದ ತಿಂಗಳು ಎಲ್ಲ ಬಾಗಿಲಿಗೂ ಕಾರ್ಡಿನ ಬೀಗ ಬಂತು. ಅದರ ಬೆನ್ನಿಗೇ ಸುಮನ್ ಎಂಬ ಹೊಸ ಮ್ಯಾನೇಜರ್ ಬಂದು, ಆಫೀಸು ರೂಮಿನಲ್ಲಿದ್ದ ರಾಮಾನುಜಯ್ಯನವರ ಕುರ್ಚಿಯಲ್ಲಿ ಕೂತುಬಿಟ್ಟ. ಇವರಿಗೆ ನೀರಿನ ಫಿಲ್ಟರ್ ಪಕ್ಕ ಒಂದು ಸ್ಟೂಲು ಸಿಕ್ಕಿತು. ಅಂದಿನಿಂದ ಸುಮನ್‌ನ ಇಸ್ತ್ರಿ ಅಂಗಿ ಕಂಡರೂ ಇವರಿಗೆ ಹೊಟ್ಟೆಯುರಿ, ಅವನು ಆಕಳಿಸಿದರೂ ಹೊಟ್ಟೆಯುರಿ.

ಆ ದಿನ ಮದುವೆಗೆ ಬಂದ ಗಂಡಿನ ಕಡೆಯವರು ಹನ್ನೆರಡು ರೂಮು ಹಿಡಿದಿದ್ದರು. ಗಂಡಿನ ಅಜ್ಜಿ ಭಾಗೀರಥಮ್ಮ ಕಾರ್ಡನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡು ಬಂದಿದ್ದರು.

"ಸುಮನ್ ಎಲ್ಲಪ್ಪಾ? ಬಾಗ್ಲು ತೆಗೀಬೇಕಿತ್ತು."

"ಯಾಕೆ, ನಾನಿಲ್ವಾ ತಾಯಿ?" ಎಂದು ರಾಮಾನುಜಯ್ಯನವರು ಸುಮನ್‌ನ ಮೇಜಿನಿಂದ ಮಾಸ್ಟರ್ ಕಾರ್ಡ್ ಎತ್ತಿ ಜೇಬಿಗಿಳಿಸಿ ಮಹಡಿ ಹತ್ತಿದರು. ಜೇಬಿನಿಂದ ಕಾರ್ಡ್ ತೆಗೆದು ಬೀಗಕ್ಕೆ ಹಿಡಿದೊಡನೆ ಹಸಿರು ದೀಪ ಹತ್ತಿ ಬಾಗಿಲು ತೆರೆಯಿತು. ಕೈ ನೋಡಿಕೊಂಡರೆ, ಹಿಡಿದಿದ್ದು ತಮ್ಮ ಮೆಟ್ರೋ ಕಾರ್ಡು!

ಪಕ್ಕದ ರೂಮಿಗೆ ಹಿಡಿದರು. ಅದೂ ತೆರೆಯಿತು. ಮೂರನೆಯದರಲ್ಲಿ ಗಂಡಿನ ಸೋದರಮಾವ ಬರೀ ಟವೆಲಿನಲ್ಲಿ ನಿಂತು ಮೀಸೆ ಟ್ರಿಮ್ ಮಾಡುತ್ತಿದ್ದರು.

"ಯಾರ್ರೀ ಅದು!"

"ಕಾಫಿ ಬೇಕಾ ಸಾರ್?" ಎಂದು ಕೇಳಿ ರಾಮಾನುಜಯ್ಯನವರು ಓಡಿದರು. ಬೆಚ್ಚಿದ ಸೋದರಮಾವನ ಅರ್ಧ ಮೀಸೆ ಹೋಗಿತ್ತು.

ಅವರಿಗಾದ ಸಂತೋಷ ಹೇಳತೀರದು. ನೇರವಾಗಿ ಹೋಗಿ ಮಾಲೀಕರನ್ನೇ ಕರೆತಂದು, ಬೀಗರೆಲ್ಲ ನೋಡುತ್ತಿದ್ದಂತೆ ಸಾಲಾಗಿ ಆರು ಬಾಗಿಲು ತೆರೆದು ತೋರಿಸಿದರು. ಆರನೆಯ ರೂಮಿನಲ್ಲಿ ಸೀರೆ ಉಡುತ್ತಿದ್ದ ಹೆಂಗಸರ ಕಿರುಚಾಟ ಗಾಂಧಿಬಜಾರಿನವರೆಗೂ ಕೇಳಿಸಿರಬೇಕು. ಭಾಗೀರಥಮ್ಮ ಒಡವೆ ಚೀಲ ತಬ್ಬಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಏನ್ರೀ ಸುಮನ್ ಇದು? ಮೆಟ್ರೋ ಕಾರ್ಡಿಗೆಲ್ಲಾ ತೆಗ್ಯುತ್ತಾ ನಿಮ್ ಬೀಗ?" ವೇಣುಗೋಪಾಲ್ ಗುಡುಗಿದರು. "ರಾಮಾನುಜಯ್ಯಾ, ನಾಳೆಯಿಂದ ಆ ಕುರ್ಚಿ ನಿಮ್ದೇ."

ರಾಮಾನುಜಯ್ಯನವರು ಸುಮನ್‌ನ ಬಾಡಿದ ಮುಖವನ್ನು ಹಬ್ಬದೂಟ ಸವಿದಂತೆ ಸವಿದರು.

ಮಧ್ಯಾಹ್ನ ಬೀಗದ ಕಂಪನಿಯ ಪ್ರಸನ್ನ ಬೆವರು ಒರೆಸಿಕೊಳ್ಳುತ್ತಾ ಓಡಿ ಬಂದ. ತಪ್ಪಾಯ್ತೆಂದು ಕೈಮುಗಿದು, ಮೊದಲಿಗೆ ಆಫೀಸು ರೂಮಿನ ಬಾಗಿಲಿಗೇ ಬೇರೆ ಬೀಗ ಕೂರಿಸಿದ.

"ಇನ್ಮೇಲೆ ಕಾರ್ಡೇ ಬೇಡ ಸಾರ್. ಬೆರಳಿಟ್ರೆ ಸಾಕು. ಇಲ್ಲಿ ಕೂತ್ಕೊಳೋರು ಯಾರು? ಅವರ ಬೆರಳಿನ ಗುರುತು ಬೀಗಕ್ಕೆ ಹಿಡಿಸ್ಬೇಕು."

"ನಾನೇ!" ರಾಮಾನುಜಯ್ಯನವರು ಎದೆಯುಬ್ಬಿಸಿ ಹೆಬ್ಬೆರಳು ಒತ್ತಿದರು. ಕೆಂಪು ದೀಪ. ಬೆರಳನ್ನು ಪ್ಯಾಂಟಿಗೆ ಒರೆಸಿ ಒತ್ತಿದರು. ಕೆಂಪು. ಸೋಪು ಹಾಕಿ ತೊಳೆದು ಬಂದು ಹತ್ತೂ ಬೆರಳು ಇಟ್ಟರು. ಹತ್ತಕ್ಕೂ ಕೆಂಪು.

ಪ್ರಸನ್ನ ಅವರ ಕೈಯನ್ನು ಬೆಳಕಿಗೆ ಹಿಡಿದು ನೋಡಿದ. "ಗೆರೆಗಳೆಲ್ಲಾ ಸವೆದುಹೋಗಿವೆ ಯಜಮಾನ್ರೇ. ಏನ್ ಕೆಲಸ ಮಾಡ್ತಿದ್ರಿ?"

"ಬೀಗದ ಕೈ ತಿರುಗಿಸ್ತಿದ್ದೆ," ಎಂದರು ರಾಮಾನುಜಯ್ಯನವರು, ಸಣ್ಣ ದನಿಯಲ್ಲಿ.

ವೇಣುಗೋಪಾಲ್ ತಲೆ ಕೆರೆದುಕೊಂಡರು. "ಬಾಗ್ಲೇ ತೆಗೆಯಕ್ಕಾಗ್ದೋರನ್ನ ಒಳಗೆ ಹೆಂಗ್ ಕೂರಿಸ್ಲಿ? ಸುಮನ್, ನೀವೊಂದ್ಸಲ ಇಡಿ."

ಸುಮನ್ ಬೆರಳು ತಾಕಿಸಿದ್ದೇ ತಡ, ಹಸಿರು ದೀಪ ಹತ್ತಿ ಬಾಗಿಲು ತೆರೆದುಕೊಂಡಿತು.

"ಬನ್ನಿ ಸಾರ್, ನಿಮಗೆ ಒಳಗೆ ಬರ್ಬೇಕು ಅನ್ಸಿದಾಗೆಲ್ಲಾ ನನ್ನ ಕರೀರಿ, ನಾನ್ ತೆಗೀತೀನಿ," ಎಂದ ಸುಮನ್ ರಾಮಾನುಜಯ್ಯನವರಿಗೆ, ತುಂಬ ಮರ್ಯಾದೆಯಿಂದ.

ಅಷ್ಟು ದಿನ ಅವನ ಕುರ್ಚಿಯ ಮೇಲಿದ್ದ ರಾಮಾನುಜಯ್ಯನವರ ಹೊಟ್ಟೆಯುರಿ ಅಂದಿನಿಂದ ಅವನ ಹೆಬ್ಬೆರಳ ಮೇಲೆ ತಿರುಗಿತು.