ದಳವಾಯಿ ತಿಂದ ಉಪ್ಪಿಟ್ಟು

ಐತಿಹಾಸಿಕ ಕಾದಂಬರಿ ಬರೆಯುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ನಾನು ದೃಢವಾಗಿ ನಂಬಿದ್ದೆ. ಕೋಟೆಯಂತೂ ದೊಡ್ಡಬಳ್ಳಾಪುರದ ನಮ್ಮ ಮನೆಯಿಂದ ಬೈಕಿನಲ್ಲಿ ಹೋಗುವಷ್ಟು ಹತ್ತಿರವೇ ಇತ್ತು. ಒಂದು ಭಾನುವಾರ ಮಾಕಳಿದುರ್ಗ ಹತ್ತಿ, ಮಂಡಿ ಹಿಡಿದುಕೊಂಡು ಇಳಿದು, ಸಂಶೋಧನೆಯನ್ನು ಮುಗಿಸಿದೆ. ಮಂಡಿಗೆ ಎಣ್ಣೆ ತಿಕ್ಕಿದ್ದು ಹೆಂಡತಿ ಭಾಗ್ಯ. ಹಾಗಾಗಿ ಕಾದಂಬರಿಯ ಮೊದಲ ಶ್ರೋತೃ ಎಂಬ ಪದವಿಯೂ ಅವಳಿಗೇ ಸಂದಿತು. ಎರಡನೆಯ ಶ್ರೋತೃ ಇರಲಿಲ್ಲ!

ನನ್ನ ಕಾದಂಬರಿಯಲ್ಲಿ, ಗಡಿಪಾರಾಗಿದ್ದ ದಳವಾಯಿ ವೀರಭದ್ರ ವೇಷ ಮರೆಸಿಕೊಂಡು ಕೋಟೆಗೆ ಮರಳುತ್ತಾನೆ. ಪಾಳೆಯಗಾರನನ್ನು ಕೊಲ್ಲಲು ಒಳಗೊಳಗೇ ಪಿತೂರಿ ನಡೆದಿದೆ. ಯಾರನ್ನೂ ನಂಬುವಂತಿಲ್ಲ. ಆಗ ಮುಸುಕು ಹಾಕಿದ ಹೆಂಗಸೊಬ್ಬಳು ಅವನ ಮುಂದೆ ಎಲೆ ಹಾಕಿ ಬಡಿಸುತ್ತಾಳೆ. ವಿಷವಿದ್ದರೆ? ಒಂದು ತುತ್ತು ಬಾಯಿಗಿಡುತ್ತಲೇ ದಳವಾಯಿಯ ಕಣ್ಣಲ್ಲಿ ನೀರು! ಅವರೆಕಾಳಿನ ಉಪ್ಪಿಟ್ಟು! ಅದೇ ಕೈರುಚಿ! ಬಡಿಸಿದವಳು ಅವನ ಮೊದಲ ಪ್ರೇಯಸಿ ಕನಕಮಂಜರಿ!

ಐತಿಹಾಸಿಕ ನಿಖರತೆಗೋಸ್ಕರ ರವೆ ತೆಗೆದು ಅಕ್ಕಿತರಿ ಹಾಕಿದ್ದೆ. ಅಷ್ಟು ಎಚ್ಚರ ವಹಿಸಿದವನು ಬೇರೆಲ್ಲೋ ಎಡವಿದ್ದೆ.

ನೆನೆಸಿದ ಅವರೆಕಾಳನ್ನು ಹಿತುಕಿ ಸಿಪ್ಪೆ ತೆಗೆಯುತ್ತಾ ಕೇಳುತ್ತಿದ್ದ ಭಾಗ್ಯಳ ಕೈ ನಿಂತಿತು.

“ರೀ, ನೀವು ನನ್ನ ನೋಡೋಕೆ ಬಂದಾಗ ನಮ್ಮನೇಲಿ ಕೊಟ್ಟಿದ್ದು ಕೇಸರಿಬಾತು, ಬೋಂಡ. ಈ ಉಪ್ಪಿಟ್ಟು ಯಾವ ಹುಡುಗಿ ಮನೇದು?”

“ಅದು ಕಲ್ಪನೆ ಕಣೇ!”

“ಕಲ್ಪನೇಲಿ ಕಾಯಿತುರಿ ಎಷ್ಟಿತ್ತು ಅಂತಾನೂ ಬರ್ದಿದೀರಲ್ಲ?”

ಅವಳಿಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಬಂದದ್ದು ಕುತೂಹಲ! ಕೂಡಲೇ ಚನ್ನರಾಯಪಟ್ಟಣದಲ್ಲಿರುವ ನಮ್ಮಕ್ಕನಿಗೆ ಫೋನು ಹೋಯಿತು. ಅಕ್ಕ ಸುಳ್ಳು ಹೇಳಿದವಳೇ ಅಲ್ಲ, ಅವತ್ತಾದರೂ ಕಲಿಯಬಾರದಿತ್ತೇ?

“ಅದಾ? ಅನುಗೊಂಡನಹಳ್ಳಿ ಸರೋಜ ಕಣೇ! ನಿನಗಿಂತ ಮೊದ್ಲು ನೋಡಿದ್ದ ಹೆಣ್ಣು. ಜಾತಕ ಕೂಡಿ ಬರ್ಲಿಲ್ಲ. ಇವನು ಮಂಕಾಗಿ ಕೂತ್ಬಿಟ್ಟಿದ್ದ!”

“ಅವ್ರನ್ನ ನಾನು ನೋಡ್ಬೇಕು,” ಎಂದಳು ಭಾಗ್ಯ. “ಅಲ್ಲೀವರೆಗೂ ಮುಂದಿನ ಅಧ್ಯಾಯ ಕೇಳಲ್ಲ.”

ಇದ್ದ ಒಬ್ಬಳೇ ಶ್ರೋತೃ ಮುಷ್ಕರ ಹೂಡಿದಳು. ನಿಜ ಹೇಳಬೇಕೆಂದರೆ ನನಗೂ ಆಸೆಯಿತ್ತು. ಸರೋಜಳಿಗೆ ನನ್ನ ನೆನಪಿದೆಯೇ? ಇಷ್ಟು ವರ್ಷ ನಾನು ಜೋಪಾನವಾಗಿಟ್ಟುಕೊಂಡದ್ದು ಅವಳ ಬಳಿಯೂ ಒಂದು ಚೂರು ಉಳಿದಿರಬಾರದೇ?

ಹೊಸಕೋಟೆಯ ಛತ್ರದಲ್ಲಿ ನಡೆಯಲಿದ್ದ ನೆಂಟರ ಮದುವೆಗೆ ಆಕೆ ಬರುತ್ತಾರೆಂದು ಅಕ್ಕನೇ ಸುದ್ದಿ ಕೊಟ್ಟಳು. ನಾನು ತಲೆಗೆ ಬಣ್ಣ ಹಚ್ಚಿಕೊಂಡೆ. ಅವಸರದಲ್ಲಿ ಕಿವಿಗೂ ಸ್ವಲ್ಪ ಯೌವನ ಬಂತು!

ಊಟದ ಮನೆಯ ಬಾಗಿಲಿಗೆ ಭಾಗ್ಯಳೇ ಆಕೆಯನ್ನು ಕೈಹಿಡಿದು ಕರೆತಂದಳು.

“ಇವ್ರು ನಮ್ಮನೆಯವ್ರು. ನಿಮ್ಮನ್ನ ನೋಡೋಕೆ ಬಂದಿದ್ರಂತೆ. ನೆನಪೈತಾ ಅಕ್ಕಾ?”

ಸರೋಜಮ್ಮ ನನ್ನ ಕಪ್ಪು ಕಿವಿಯನ್ನೇ ನೋಡಿದರು. “ಆ ವರ್ಷ ತುಂಬಾ ಜನ ಬಂದಿದ್ರು ಕಣಮ್ಮ...”

ದಳವಾಯಿ ಕುದುರೆಯಿಂದ ಬಿದ್ದ. ಬಿದ್ದವನು ಸುಮ್ಮನಿರಬಾರದೇ?

“ಅವರೆಕಾಳಿನ ಉಪ್ಪಿಟ್ಟು ಮಾಡಿದ್ರಿ...” ಎಂದೆ.

ಆಕೆಯ ಮುಖ ಅರಳಿತು. “ಅಯ್ಯೋ, ಮತ್ತೆ ಮತ್ತೆ ಹಾಕಿಸ್ಕೊಂಡೋರು ನೀವೇನಾ? ಮನೆಯವ್ರಿಗೆ ಅಂತ ಇಟ್ಟಿದ್ದೂ ಖಾಲಿಯಾಗಿತ್ತು! ನನಗಾಗ ಒಲೆ ಹಚ್ಚೋಕೂ ಬರ್ತಿರ್ಲಿಲ್ಲ. ಮಾಡಿದ್ದು ನಮ್ಮಜ್ಜಿ. ‘ಆ ಹುಡುಗ ನನ್ನ ಕೈರುಚಿ ಮೆಚ್ಚಿದ’ ಅಂತ ಸಾಯೋವರೆಗೂ ನೆನೆಸ್ಕೊಳ್ತಿತ್ತು, ಪಾಪ!”

ಅಂತೂ ಒಬ್ಬ ಹೆಂಗಸು ಬದುಕಿನುದ್ದಕ್ಕೂ ನನ್ನನ್ನು ನೆನೆದಿದ್ದಳು! ಆಕೆಗೆ ಹಲ್ಲಿರಲಿಲ್ಲ, ಅಷ್ಟೇ.

ಬೈಕಿನ ಹಿಂದೆ ಕೂತ ಭಾಗ್ಯ ಮನೆ ಮುಟ್ಟುವವರೆಗೂ ನಕ್ಕಳು. “ಈಗ ಓದಿ ರೀ! ಮುಸುಕು ತೆಗೆದ್ರೆ ಯಾರು ಅಂತ ಗೊತ್ತಾಗ್ಬೇಕು!”

ಅಧ್ಯಾಯವನ್ನು ತಿದ್ದಿದ್ದೇನೆ. ದಳವಾಯಿ ಈಗ ಬೊಚ್ಚುಬಾಯಿಯ ಅಜ್ಜಿಯ ಕಾಲಿಗೆ ಬಿದ್ದು, ಇನ್ನೊಂದು ಸಲ ಬಡಿಸಿಕೊಳ್ಳುತ್ತಾನೆ. ಪಾಳೆಯಗಾರನ ಗತಿ ಏನಾಯಿತೆಂದು ಭಾಗ್ಯ ದಿನವೂ ಕೇಳುತ್ತಾಳೆ. ಏನು ಹೇಳಲಿ? ದಳವಾಯಿ ಇನ್ನೂ ತಿನ್ನುತ್ತಿದ್ದಾನೆ.