ಪಾಲಿಶ್ ಕಂಡರಾಗದ ನಮ್ಮ ಮಾಮ

ಬಂದ ಗಿರಾಕಿಯನ್ನು ಬರಿಗೈಲಿ ಕಳಿಸುವ ವಿದ್ಯೆಯಲ್ಲಿ ಇಡೀ ಬಳ್ಳಾರಿಯಲ್ಲೇ ನಮ್ಮ ಮಾಮನನ್ನು ಮೀರಿಸುವವರಿಲ್ಲ! ನನ್ನ ತಾಯಿಯ ತಮ್ಮನಾದ ಈ ಮಹಾಶಯ ಕೌಲ್ ಬಜಾರಿನಲ್ಲಿ ಹಳೆಯ ಹಾರ್ಮೋನಿಯಂ ಮಾರುತ್ತಾನೆ. ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತೇವೆ. ನಾಟಕದವರು ಮೂಲೆಗೆ ಹಾಕಿದ ಪೇಟಿಗಳನ್ನು ತಂದು, ತಿದಿಯ ತೂತು ಮುಚ್ಚಿ, ಸ್ವರ ಕೂಡಿಸಿ, ಮತ್ತೆ ಹಾಡಿಸುತ್ತಾನೆ. ಆದರೆ ಹೊರಮೈಗೆ ಪಾಲಿಶ್? ಆ ಮಾತೆತ್ತಿದರೆ ಮೈಮೇಲೆ ದೇವರು ಬಂದವರಂತೆ ಆಡುತ್ತಾನೆ.

"ಒಳಗಿಂದು ನನ್ನ ಕೆಲಸ. ಹೊರಗಿನ ಕಲಿ, ಗುರ್ತು ಬಾರಿಸಿದವರದು. ಅಳಸಾಕ ನಾ ಯಾರು?"

ಒಮ್ಮೆ ಕುರುಗೋಡಿನ ಭಜನೆಯವರು ಒಂದು ಪೇಟಿ ಬಾರಿಸಿ ನೋಡಿ ತಲೆದೂಗಿದರು. ಮೇಲಿದ್ದ ಬೀಡಿ ಸುಟ್ಟ ಕಲೆ ತೆಗೆದುಕೊಡಿ ಎಂದರು, ಅಷ್ಟೇ. ಯಾವ ಊರಿನ ಯಾವ ಮಾಸ್ತರು ಯಾವ ದೃಶ್ಯದಲ್ಲಿ ಮೈಮರೆತು ಬೀಡಿಯನ್ನು ಅಲ್ಲಿಟ್ಟರು ಎಂದು ಮಾಮ ಒಂದು ತಾಸು ವಿವರಿಸಿದ. ಅವರು ಕೈಮುಗಿದು ಎದುರಿನ ಅಂಗಡಿಯಲ್ಲಿ ಹೊಸದನ್ನೇ ಕೊಂಡರು. ಮಾಮನಿಗೆ ಬೇಸರವಾಯಿತೇ? ಎಲ್ಲಿಯ ಮಾತು! ಕಥೆ ಪೂರ್ತಿ ಕೇಳಿದರಲ್ಲ ಎಂದು ಅವರನ್ನು ಇಂದಿಗೂ ಹೊಗಳುತ್ತಾನೆ.

ಇನ್ನೊಮ್ಮೆ ಅವನಿಲ್ಲದಾಗ ಅತ್ತೆ ಒಂದು ಪೇಟಿಗೆ ಕೊಬ್ಬರಿ ಎಣ್ಣೆ ಹಚ್ಚಿ ಮಿರಮಿರ ಮಿಂಚಿಸಿಬಿಟ್ಟಳು. ಮಾಮ ಮುನಿಸಿಕೊಂಡು ಎರಡು ದಿನ ಹೊರಗೇ ಮಂಡಕ್ಕಿ ಒಗ್ಗರಣೆ-ಮಿರ್ಚಿ ತಿಂದು ಹೊಟ್ಟೆ ಕೆಡಿಸಿಕೊಂಡ. ಅತ್ತೆ ಮಾತ್ರ, ಇನ್ನೂ ನಾಲ್ಕು ಪೇಟಿ ಇವೆ, ಎಣ್ಣೆಯೂ ಇದೆ ಎಂದು ತಣ್ಣಗೆ ತಿಳಿಸಿದಳು.

ಹೋದ ವರ್ಷ ಸಿರುಗುಪ್ಪದಿಂದ ಒಬ್ಬ ಅಜ್ಜಿ ಹೇಳಿಕಳಿಸಿದರು. ನಾಟಕ ಕಂಪನಿಗಳಲ್ಲಿ ನಾಯಕಿಯಾಗಿ ಮೆರೆದವರು. ಬೆರಳು ಸೆಟೆದುಕೊಂಡು ಬಾರಿಸಲಾಗದೆ, ತಮ್ಮ ಪೇಟಿಯನ್ನು ಬಾರಿಸುವವರಿಗೆ ಮಾರಬೇಕೆಂದಿದ್ದರು. ಮಾಮ ದೇಶನೂರಿನ ಸಂಗೀತದ ಮಾಸ್ತರೊಬ್ಬರನ್ನು ಕರೆದುಕೊಂಡು ಹೋದ. ನಾನೂ ಜೊತೆಗಿದ್ದೆ. ಮಾಸ್ತರು ಪೇಟಿ ನೋಡಿ, ಇದ್ದ ಹಾಗೇ ಕೊಡಿ ಎಂದರು! ಮಾಮನ ಜೀವಮಾನದಲ್ಲಿ ಅಂಥ ಗಿರಾಕಿ ಸಿಕ್ಕಿದ್ದು ಅದೇ ಮೊದಲು. ಆದರೆ ಅಜ್ಜಿ ಪೇಟಿಯ ಮೇಲಿನ ಕೈ ತೆಗೆಯಲಿಲ್ಲ.

"ಬಣ್ಣ ಹಚ್ಚಿಕೊಳ್ಳಲಾರದ ನಾ ಒಂದಿನಾನೂ ಮಂದಿ ಮುಂದ ನಿಂತಿಲ್ಲಪ್ಪ," ಎಂದರು. "ಇದನ್ನೂ ಹಂಗ ಕಳಸಬ್ಯಾಡ."

ಮಾಮ ಪೇಟಿಯನ್ನು ಬಳ್ಳಾರಿಗೆ ತಂದು ಎರಡು ದಿನ ಅದರ ಮುಂದೆ ಸುಮ್ಮನೆ ಕೂತ. ಅಜ್ಜಿಯ ಕೈ ಸವೆಸಿದ ಮರ ಅದು. ಉಜ್ಜಿದರೆ ಆ ಗುರುತು ಮತ್ತೆ ಬಾರದು, ಉಜ್ಜದಿದ್ದರೆ ಅಜ್ಜಿ ಕೊಡರು. ಮೂರನೆಯ ದಿನ ಪಾಲಿಶ್ ಕಾಗದ ಹಿಡಿದ. ಅತ್ತೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಸಾಕೇ, ಇನ್ನೂ ಹೊಳೆಯಬೇಕೇ ಎಂದು ಕೇಳಿ ಕೇಳಿ ಒಂದು ವಾರ ಉಜ್ಜಿದ.

ಸಿರುಗುಪ್ಪಕ್ಕೆ ಮತ್ತೆ ಹೋದೆವು. ಮಾಸ್ತರೂ ಬಂದರು. ಮಿಂಚುವ ಪೇಟಿಯನ್ನು ಅಜ್ಜಿ ಬಹಳ ಹೊತ್ತು ನೋಡಿದರು. ಆಮೇಲೆ ಕಾಡಿಗೆ ಡಬ್ಬಿ ತರಿಸಿ, ಸೆಟೆದ ಬೆರಳಿನಿಂದಲೇ ಅದಕ್ಕೊಂದು ದೃಷ್ಟಿಬೊಟ್ಟು ಇಟ್ಟರು. ಹೊಸ ಪಾಲಿಶ್ ಮೇಲೆ ಕಪ್ಪು ಹರಡಿತು. ಒರೆಸಲೆಂದು ಮಾಸ್ತರು ಕರವಸ್ತ್ರ ತೆಗೆದರು. ಮಾಮ ಅವರ ಕೈ ಹಿಡಿದುಕೊಂಡ.

"ಅದು ಇರ್ಲಿ ಬಿಡ್ರಿ."

 ಇಷ್ಟು ವರ್ಷ ಅವನನ್ನು ನೋಡಿ ನಕ್ಕ ನಾನೇ, ಆ ಕಪ್ಪಿಗೆ ಕೈ ತಾಗದಂತೆ ಪೇಟಿ ಎತ್ತಿ ಮಾಸ್ತರಿಗೆ ಕೊಟ್ಟೆ.