ಭಾವನ ಟೈಟಾನಿಯಂ ಹಲ್ಲು

ಹಲ್ಲು ಇರುವುದು ಅಗಿಯಲಿಕ್ಕೆ ಎಂದು ನೀವು ನಂಬಿದ್ದರೆ, ನಮ್ಮ ಭಾವನವರನ್ನು ನೀವು ಕಂಡಿಲ್ಲ ಎಂದೇ ಅರ್ಥ. ಅವರ ಪ್ರಕಾರ ಹಲ್ಲು ಇರುವುದು ಊರಿಗೆ ತೋರಿಸಲಿಕ್ಕೆ. ಅದೂ ಹುಟ್ಟಿನಿಂದ ಬಂದ ಬಡಪಾಯಿ ಹಲ್ಲಲ್ಲ, ದವಡೆಗೆ ಸ್ಕ್ರೂ ಹೊಡೆಸಿ ಕೂರಿಸಿದ ಹಲ್ಲು!

ಭಾವ ಎಂದರೆ ನನ್ನ ಅಕ್ಕನ ಗಂಡ. ಕೃಷ್ಣಮೂರ್ತಿಪುರಂನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ಕರೆಂಟ್ ಮೀಟರುಗಳನ್ನು ಬಿಚ್ಚಿ, ಪರೀಕ್ಷಿಸಿ, ಮತ್ತೆ ಮುಚ್ಚುವ ಕೆಲಸ ಮಾಡಿ ನಿವೃತ್ತರಾದವರು. ಆದ್ದರಿಂದ ಸ್ಕ್ರೂ ಇರುವ ಯಾವ ವಸ್ತುವೇ ಆಗಲಿ ತಮ್ಮ ಅಧಿಕಾರಕ್ಕೆ ಸೇರಿದ್ದು ಎಂದು ಅವರ ದೃಢವಾದ ನಂಬಿಕೆ. ಅಕ್ಕನ ಮಿಕ್ಸಿ, ನನ್ನ ಸ್ಕೂಟರು, ಪಕ್ಕದ ಮನೆಯವರ ಗೋಡೆ ಗಡಿಯಾರ, ಎಲ್ಲವೂ ಒಂದಲ್ಲ ಒಂದು ದಿನ ಅವರ ಕೈಯಲ್ಲಿ ಬಿಚ್ಚಿಕೊಂಡಿವೆ. ಮತ್ತೆ ಮುಚ್ಚಿಕೊಂಡವು ಎಷ್ಟು ಎಂದು ಮಾತ್ರ ಕೇಳಬೇಡಿ.

ತೊಂಬತ್ತರ ದಶಕದ ನಡುವೆ ಅವರ ಎಡಗಡೆಯ ಎರಡು ದವಡೆ ಹಲ್ಲುಗಳು ಹೋದವು. ಬೆಂಗಳೂರಿಗೆ ನಾಲ್ಕಾರು ಸಲ ಓಡಾಡಿ ಆ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿಕೊಂಡು ಬಂದರು. ಮೂಳೆಯೊಳಗೆ ಟೈಟಾನಿಯಂ ಎಂಬ ಲೋಹದ ಸ್ಕ್ರೂ, ಅದರ ಮೇಲೆ ಪಿಂಗಾಣಿಯ ಕ್ಯಾಪ್. ನಮ್ಮ ಬಡಾವಣೆಯಲ್ಲಿ ಆ ಪದವನ್ನು ಆಗ ಕೇಳಿದವರೇ ಇರಲಿಲ್ಲ. ಭಾವ ಕೇಳಿಸಿದರು. ಹಾಲಿನ ಬೂತಿನ ಸಾಲಿನಲ್ಲಿ ಕೇಳಿಸಿದರು, ಮದುವೆ ಮನೆಯಲ್ಲಿ ಕೇಳಿಸಿದರು, ಸಾವಿನ ಮನೆಯಲ್ಲೂ ಬಿಡಲಿಲ್ಲ. ಅದು ವಿಮಾನಕ್ಕೆ ಹಾಕುವ ಲೋಹವಂತೆ. ನಮ್ಮೂರ ಮಂಡಕಳ್ಳಿ ನಿಲ್ದಾಣಕ್ಕೆ ಜನ ಹತ್ತುವ ವಿಮಾನ ಬರುವುದಕ್ಕೆ ಎಷ್ಟೋ ಮೊದಲೇ ನಮ್ಮ ಭಾವನ ದವಡೆಯಲ್ಲಿ ಒಂದು ಇಳಿದಿತ್ತು!

ಹೇಳಿದ್ದು ಸಾಲದು ಎಂದು ಪ್ರಾತ್ಯಕ್ಷಿಕೆ ಬೇರೆ. ಮನೆಗೆ ಬಂದವರ ಮುಂದೆ ಗಟ್ಟಿ ಅಡಿಕೆಯನ್ನು ಆ ಹಲ್ಲಿನಡಿ ಇಟ್ಟು ಟಪ್ಪೆಂದು ಒಡೆಯುವರು. ಬಂದವರು ಬೆರಗಾಗದಿದ್ದರೆ ಇನ್ನೊಂದು ಅಡಿಕೆ. ಅದಕ್ಕೂ ಬೆರಗಾಗದಿದ್ದರೆ ಅವರ ಕೈಗೊಂದು ಚಮಚ ಕೊಟ್ಟು, ಬಾಯಿ ತೆರೆದು, ತಟ್ಟಿ ನೋಡಿ ಎನ್ನುವರು. ಕಾಫಿಗೆಂದು ಬಂದವರಿಗೆ ಇಂಥ ಶಿಕ್ಷೆ ಬೇಕೇ?

ಹೀಗೇ ಹನ್ನೊಂದು ಹನ್ನೆರಡು ವರ್ಷ ನಡೆಯಿತು. ಟೈಟಾನಿಯಂ ತಡೆದುಕೊಂಡಿತು. ಆದರೆ ಮೇಲಿನ ಪಿಂಗಾಣಿ ವಿಮಾನಕ್ಕೆ ಸೇರಿದ್ದಲ್ಲವಲ್ಲ! ಸವೆಯಿತು, ಅಂಚು ಚಕ್ಕೆ ಎದ್ದಿತು, ಒಂದು ಕ್ಯಾಪ್ ಅಲುಗಾಡತೊಡಗಿತು. ಭಾವ ಮಾತಾಡಿದರೆ ಮಧ್ಯೆ ಟಿಕ್ ಟಿಕ್ ಎಂದು ಸದ್ದು. ಡಾಕ್ಟರಿಗೆ ತೋರಿಸಿ ಎಂದು ಅಕ್ಕ ಹೇಳಿದ್ದಕ್ಕೆ, ಸದ್ದು ಬರುತ್ತಿರುವುದು ನಿನ್ನ ಕಿವಿಯಿಂದ ಎಂದುಬಿಟ್ಟರು.

ಕೊನೆಗೆ ವಿಜಯನಗರದ ಒಂದು ಮದುವೆಯಲ್ಲಿ, ತುಂಬಿದ ಪಂಕ್ತಿಯಲ್ಲಿ, ಆ ಕ್ಯಾಪ್ ಹೋಳಿಗೆಯ ಜೊತೆ ಹೊರಗೆ ಬಂತು. ಬೇರೆ ಯಾರಾದರೂ ನಾಚಿ ಎದ್ದು ಹೋಗುತ್ತಿದ್ದರು. ಇವರು ಅದನ್ನು ಲೋಟದ ನೀರಿನಲ್ಲಿ ಅದ್ದಿ, ಬೆಳಕಿಗೆ ಹಿಡಿದು ನೋಡಿ, ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ಕಣ್ಣು ಬಿಟ್ಟು ಕೂತಿದ್ದ ಪಕ್ಕದ ಎಲೆಯವರಿಗೆ ಸಮಾಧಾನವಾಗಿ ಹೇಳಿದರು: "ಸರ್ವೀಸ್‌ಗೆ ಬಂದಿದೆ."

ಸರ್ವೀಸು ಯಾರ ಕೈಯಲ್ಲಿ? ಅವರದೇ ಕೈಯಲ್ಲಿ! ಮರುದಿನ ಬೆಳಿಗ್ಗೆ ಅಕ್ಕನ ಫೋನು. "ಬೇಗ ಬಾರೋ. ನಿಮ್ಮ ಭಾವನ ಬೆರಳು ಬಾಯಲ್ಲಿ ಅಂಟ್ಕೊಂಬುಟ್ಟಿದೆ."

ಹೋಗಿ ನೋಡುತ್ತೇನೆ: ಹಣೆಯ ತುಂಬ ವಿಭೂತಿ, ಮೇಜಿನ ಮೇಲೆ ಗಡಿಯಾರದ ಸ್ಕ್ರೂಡ್ರೈವರು, ಕ್ಷಣದಲ್ಲಿ ಅಂಟುವ ಗಮ್ಮಿನ ಟ್ಯೂಬು, ಬಾಯಲ್ಲಿ ತೋರುಬೆರಳು. ಗಮ್ಮು ತನ್ನ ಕೆಲಸ ಮಾಡಿತ್ತು. ಕ್ಯಾಪು ಹಲ್ಲಿನ ಜಾಗಕ್ಕೆ, ಬೆರಳು ಕ್ಯಾಪಿಗೆ! ಅರವತ್ತೈದು ವರ್ಷದ ಕೂಸನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೊರಟೆ. ಸಿಗ್ನಲ್ಲಿನಲ್ಲಿ ಅವರ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕಿ ನಮಸ್ಕಾರ ಹೇಳಿದರು. ನನ್ನನ್ನು ಹಿಡಿದಿದ್ದ ಕೈ ಬಿಟ್ಟು ಭಾವ ಸಲಾಮು ಹೊಡೆದರು. ಬಾಯಲ್ಲಿ ಬೆರಳು ಯಾಕೆ ಎಂದು ಆ ಸಹೋದ್ಯೋಗಿ ಸನ್ನೆಯಲ್ಲೇ ಕೇಳಿದಾಗ, ಯೋಚನೆ ಮಾಡ್ತಿದ್ದಾರೆ ಎಂದು ಹೇಳಿ ಗಾಡಿ ಬಿಟ್ಟೆ.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು, ತುಂಬ ತಾಳ್ಮೆಯವರು. ಬೆರಳು ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಎಕ್ಸ್‌ರೇ ತೆಗೆದು ವಿವರಿಸಿದರು. ಮೂಳೆಯೊಳಗಿನ ಸ್ಕ್ರೂಗಳು ಗಟ್ಟಿಯಾಗಿವೆ, ಅವನ್ನು ಮುಟ್ಟಬೇಕಾಗಿಲ್ಲ. ಸವೆದಿರುವುದು ಮೇಲಿನ ಕ್ಯಾಪುಗಳು. ಅವನ್ನು ಕೂರಿಸುವ ಸಣ್ಣ ಸ್ಕ್ರೂ ಕೂಡ ಸಡಿಲವಾಗಿದೆ. ಎರಡನ್ನೂ ತೆಗೆದು ಹೊಸದು ಮಾಡಿಸಬೇಕು.

ಬಿಡುಗಡೆಯಾದ ಬಾಯಿಂದ ಭಾವನವರ ಮೊದಲ ಮಾತು ಥ್ಯಾಂಕ್ಸ್ ಎಂದಿರಬಹುದೇ? ಇಲ್ಲ. ನಿಮ್ಮ ಸ್ಕ್ರೂಡ್ರೈವರ್ ತೋರಿಸಿ ಎಂದರು! ಡಾಕ್ಟರು ತೋರಿಸಿದರು. ಎಷ್ಟು ಬಿಗಿಯಬೇಕೋ ಅಷ್ಟಕ್ಕೇ ನಿಲ್ಲುವ, ಅಳತೆಯ ಗೆರೆಗಳಿದ್ದ ಪುಟ್ಟ ಸಲಕರಣೆ ಅದು. ಭಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಟೆಸ್ಟ್ ಮಾಡ್ಸಿ ಎಷ್ಟು ದಿನ ಆಯ್ತಮ್ಮ?" ಎಂದರು.

"ನಿಮ್ಮ ಗಮ್ಮನ್ನ ಟೆಸ್ಟ್ ಮಾಡಿದ್ದು ಯಾವಾಗ ಸಾರ್?" ಎಂದರು ಡಾಕ್ಟರು.

ಆಹಾ, ಆ ಹೆಣ್ಣುಮಗಳಿಗೆ ಅಲ್ಲೇ ಕೈ ಮುಗಿಯೋಣ ಎನಿಸಿತು.

ಹಳೆಯ ಕ್ಯಾಪುಗಳನ್ನು ತೆಗೆದು, ಅಳತೆಯ ಅಚ್ಚು ತೆಗೆದುಕೊಂಡರು. ಹೊಸದು ಬರಲು ಹತ್ತು ದಿನ ಬೇಕು, ಅಲ್ಲಿಯವರೆಗೆ ತಾತ್ಕಾಲಿಕ ಕ್ಯಾಪ್ ಹಾಕುತ್ತೇನೆ ಎಂದರು. ಸರ್ವೀಸಿನಲ್ಲೇ ತಾವು ಟೆಂಪರರಿ ಕೆಲಸ ಮಾಡಿದವರಲ್ಲ ಎಂದು ಭಾವ ನಿರಾಕರಿಸಿದರು. ಡಾಕ್ಟರು ಸ್ಕ್ರೂಗಳ ಬಾಯಿಗೆ ಸಣ್ಣ ಮುಚ್ಚಳ ಹಾಕಿ ಕಳಿಸಿದರು. ಭಾವನ ಬಲಗಡೆಯ ದವಡೆ ಅಷ್ಟರಲ್ಲಾಗಲೇ ಖಾಲಿಯಾಗಿತ್ತು. ಅಂದರೆ ಹತ್ತು ದಿನ ಹಿಸುಕಿದ ಅನ್ನವೇ ಗತಿ. ನನಗೇನೂ ಮರುಕ ಹುಟ್ಟಲಿಲ್ಲ. ಅನುಭವಿಸಲಿ ಎಂದೇ ಅಂದುಕೊಂಡೆ.

ಹತ್ತು ದಿನಕ್ಕೆ ಸರಿಯಾಗಿ ಕ್ಲಿನಿಕ್ಕಿನಿಂದ ನನಗೆ ಫೋನು ಬಂತು, ಕ್ಯಾಪ್ ಬಂದಿದೆ ಎಂದು. ಭಾವನಿಗೆ ಹೇಳಿದೆ. ಅವತ್ತು ಅಮಾವಾಸ್ಯೆಯಂತೆ. ಮತ್ತೆ ಹೇಳಿದೆ, ನೆಗಡಿಯಂತೆ. ಇನ್ನೊಂದು ಸಲ ಹೇಳಿದಾಗ ಯಾರೋ ಬರುವವರಿದ್ದಾರಂತೆ. ಮೂರು ವಾರ ಕಳೆಯಿತು. ಕ್ಲಿನಿಕ್ಕಿನವರ ಮುಂದೆ ನನ್ನ ಮಾನ ಹೋಗುತ್ತಿತ್ತು. ಒಂದು ಮಧ್ಯಾಹ್ನ, ಈ ಮನುಷ್ಯನನ್ನು ಎಳೆದುಕೊಂಡಾದರೂ ಹೋಗುವುದೇ ಸೈ ಎಂದು ಅವರ ಮನೆಗೆ ನುಗ್ಗಿದೆ.

ಒಳಗಿನಿಂದ ಅಕ್ಕನ ನಗು ಕೇಳಿಸಿತು. ಅಷ್ಟು ಜೋರಾಗಿ ಅವಳು ನಕ್ಕಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಅಡುಗೆಮನೆಯ ನೆಲದ ಮೇಲೆ ಇಬ್ಬರೂ ಎದುರುಬದುರು ಕೂತು ಗಂಜಿಯಂಥ ಅನ್ನಕ್ಕೆ ಸಾರು ಕಲೆಸಿ ಉಣ್ಣುತ್ತಿದ್ದರು. ಅಕ್ಕನ ಪಕ್ಕದಲ್ಲಿ ಒಂದು ಬಟ್ಟಲು, ಅದರಲ್ಲಿ ನೀರು, ನೀರಿನಲ್ಲಿ ಅವಳ ಹಲ್ಲಿನ ಸೆಟ್ಟು. ನನ್ನನ್ನು ಕಂಡೊಡನೆ ನಗು ನಿಂತಿತು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು.

ಭಾವ ಎಂಜಲು ಕೈಯಲ್ಲೇ ಎದ್ದು ನನ್ನನ್ನು ಜಗಲಿಗೆ ಕರೆತಂದರು. ದನಿ ತಗ್ಗಿಸಿ ಹೇಳಿದರು:

"ಆರು ವರ್ಷ ಆಯ್ತು ಕಣೋ, ಇವಳು ಯಾರ ಮುಂದೇನೂ ಉಂಡಿಲ್ಲ. ನನ್ ಮುಂದೇನೂ ಇಲ್ಲ. ಸೆಟ್ಟು ಹಾಕ್ಕೊಂಡ್ರೆ ಒಸಡು ನೋಯುತ್ತೆ, ತೆಗೆದಿಟ್ಟು ಉಣ್ಣೋಕೆ ನಾಚಿಕೆ. ನನ್ ಬಾಯಿ ಖಾಲಿ ಆದ್ಮೇಲೆ ಬಂದು ಜೊತೇಲಿ ಕೂತ್ಕೊಂಡ್ಳು. ಈಗ ನಾನು ಹಲ್ಲು ಹಾಕ್ಸ್ಕೊಂಡು ಬಂದ್ಬುಟ್ರೆ, ಮತ್ತೆ ಒಬ್ಳೇ ಹೋಗಿ ಕೂತ್ಕೊಂಬುಡ್ತಾಳೆ."

ನಮಗೆಲ್ಲ ಬಡಿಸಿ, ನಮ್ಮದೆಲ್ಲ ಮುಗಿದ ಮೇಲೆ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಅಕ್ಕ ಉಣ್ಣುತ್ತಿದ್ದುದನ್ನು ನಾನೂ ನೋಡಿದ್ದೆ. ಅದು ಅವಳ ಪದ್ಧತಿ ಎಂದುಕೊಂಡು ಕೈ ತೊಳೆದು ಮನೆಗೆ ಹೋಗುತ್ತಿದ್ದೆ.

ಅವತ್ತು ಮನೆಗೆ ಬಂದು ಕ್ಲಿನಿಕ್ಕಿಗೆ ಫೋನು ಮಾಡಿದೆ. ಭಾವ ಊರಲ್ಲಿಲ್ಲ ಎಂದೆ. ಆಮೇಲೆ, ಹಲ್ಲಿನ ಸೆಟ್ಟನ್ನು ನೋಯದ ಹಾಗೆ ಸರಿಮಾಡಲು ಆಗುತ್ತದೆಯೇ ಎಂದು ಕೇಳಿದೆ. ಕರೆದುಕೊಂಡು ಬನ್ನಿ ಎಂದರು.

ಅಕ್ಕನನ್ನು ಒಪ್ಪಿಸಲು ಹದಿನೈದು ದಿನ ಹಿಡಿಯಿತು. ಕೊನೆಗೆ ಮೂವರೂ ಹೋದೆವು. ಭಾವ ತಮ್ಮ ಸರದಿ ಆಮೇಲೆ ಎಂದು ಹೇಳಿ ಅವಳನ್ನು ಮೊದಲು ಕುರ್ಚಿಯಲ್ಲಿ ಕೂರಿಸಿದರು. ಸೆಟ್ಟು ತೆಗೆದು ಬಾಯಿ ತೆರೆಯಿರಿ ಅಮ್ಮ ಎಂದು ಡಾಕ್ಟರು ಹೇಳಿದಾಗ ಅವಳು ತುಟಿ ಬಿಗಿಹಿಡಿದು ನನ್ನ ಕಡೆ ನೋಡಿದಳು. ಭಾವ ನನ್ನ ಭುಜ ಹಿಡಿದು ಗೋಡೆಯ ಕಡೆ ತಿರುಗಿಸಿದರು. ತಾವೂ ನನ್ನ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿಕೊಂಡು ನಿಂತರು.